ಹರ್ಮನ್ ಮೊಗ್ಲಿಂಗ್

ಹರ್ಮನ್ ಫ್ರೆಡ್ರಿಕ್ ಮೊಗ್ಲಿಂಗ್ (29 ಮೇ 1811 – 10 ಮೇ 1881) ಕರ್ನಾಟಕದಲ್ಲಿ ಕೆಲಸ ಮಾಡಿದ ಜರ್ಮನ್ ಮಿಶನರಿ, ಶಿಕ್ಷಕ, ಪತ್ರಿಕಾ ಸಂಪಾದಕ ಮತ್ತು ಗ್ರಂಥ ಪ್ರಕಾಶಕರು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದವರು ಇವರೇ. ಈ ಕಾರಣದಿಂದ ಇವರನ್ನು ಕನ್ನಡ ಪತ್ರಿಕೋದ್ಯಮದ ಪಿತಾಮಹ ಎಂದು ಕರೆಯಲಾಗುತ್ತದೆ. ಪತ್ರಿಕೆಯ ಹೆಸರಿನೊಡನೆ ಮೊಗ್ಲಿಂಗರ ಹೆಸರು ಚಿರಪರಿಚಿತವಾಗಿದ್ದರೂ, ಅವರ ಬದುಕಿನ ಇನ್ನೊಂದು ಮುಖ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ದೇವರ ಮುಂದೆ ಎಲ್ಲರೂ ಸಮಾನರು ಎಂಬ ತಮ್ಮ ನಂಬಿಕೆಯನ್ನು ಅವರು ಶಾಲೆಯ ಪಂಕ್ತಿಯಲ್ಲಿ, ಅಗ್ಗದ ಪತ್ರಿಕೆಯಲ್ಲಿ, ಕೊನೆಗೆ ಕೊಡಗಿನ ಜೀತದಾಳುಗಳ ನಡುವೆ ಆಚರಣೆಗೆ ತರಲು ಯತ್ನಿಸಿದರು. ಆ ಯತ್ನದ ಯಶಸ್ಸು ಮತ್ತು ಮಿತಿ ಎರಡೂ ಅವರ ಜೀವನಚರಿತ್ರೆಯ ಭಾಗಗಳೇ ಆಗಿವೆ.

ಜನನ ಮತ್ತು ಶಿಕ್ಷಣ

ಮೊಗ್ಲಿಂಗ್ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದ ಬ್ರಾಕನ್‌ಹೈಮ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರವನ್ನು ಅಭ್ಯಾಸ ಮಾಡಿದರು. ಮುಂದೆ ಮಲಯಾಳಂ ನಿಘಂಟುಕಾರರಾಗಿ ಪ್ರಸಿದ್ಧರಾದ ಹರ್ಮನ್ ಗುಂಡರ್ಟ್ ಇವರ ಸ್ನೇಹಿತರು. ವಿಶ್ವವಿದ್ಯಾಲಯದ ಪದವಿ ಪಡೆದ ಮೊಗ್ಲಿಂಗರಿಗೆ ಸ್ವದೇಶದಲ್ಲಿಯೇ ಪಾದ್ರಿಯಾಗಿ ನೆಮ್ಮದಿಯ ಜೀವನ ನಡೆಸುವ ಅವಕಾಶವಿತ್ತು. ಆದರೆ ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾಗಿದ್ದ ಬಾಸೆಲ್ ಮಿಶನ್ ಸಂಸ್ಥೆಯನ್ನು ಸೇರಿದರು. ಆ ಸಂಸ್ಥೆಯ ಬಹುಪಾಲು ಕಾರ್ಯಕರ್ತರು ರೈತರ ಮತ್ತು ಕುಶಲಕರ್ಮಿಗಳ ಮನೆಗಳಿಂದ ಬಂದವರಾಗಿದ್ದರು. ವಿಶ್ವವಿದ್ಯಾಲಯದಲ್ಲಿ ಓದಿದವರು ಅಲ್ಲಿ ವಿರಳ.

ಆ ಕಾಲದ ಜರ್ಮನಿಯಲ್ಲಿ ಅರಸೊತ್ತಿಗೆಯ ವಿರುದ್ಧ, ಜನಸಾಮಾನ್ಯರ ಹಕ್ಕುಗಳ ಪರವಾಗಿ ಹೊಸ ವಿಚಾರಗಳು ಹಬ್ಬುತ್ತಿದ್ದವು. ಮೊಗ್ಲಿಂಗರ ತಮ್ಮ ಥಿಯೋಡರ್ ಮೊಗ್ಲಿಂಗ್ 1848–49ರ ಬಾಡನ್ ಕ್ರಾಂತಿಯಲ್ಲಿ ಪಾಲ್ಗೊಂಡು ಸೆರೆಮನೆ ಸೇರಿದರು. ಅಣ್ಣ ಆರಿಸಿಕೊಂಡ ಹಾದಿ ರಾಜಕೀಯದ್ದಲ್ಲ, ಧರ್ಮದ್ದು. ಆದರೂ ಹುಟ್ಟಿನಿಂದ ಬಂದ ಮೇಲುಕೀಳುಗಳನ್ನು ಒಪ್ಪದ ಮನೋಭಾವ ಇಬ್ಬರಲ್ಲಿಯೂ ಕಾಣುತ್ತದೆ.

ಮಂಗಳೂರಿಗೆ ಆಗಮನ

ಈಸ್ಟ್ ಇಂಡಿಯಾ ಕಂಪನಿಯ ಸನದು 1833ರಲ್ಲಿ ನವೀಕರಣಗೊಂಡಾಗ ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದಲ್ಲಿ ಕೆಲಸ ಮಾಡಲು ದಾರಿ ತೆರೆಯಿತು. ಅದಕ್ಕೂ ಮೊದಲೇ ಬಳ್ಳಾರಿ ಮತ್ತು ಬೆಳಗಾವಿಗಳಲ್ಲಿ ಲಂಡನ್ ಮಿಶನ್ನಿನ ಕೇಂದ್ರಗಳಿದ್ದವು. ಬಾಸೆಲ್ ಮಿಶನ್ನಿನ ಮೊದಲ ಮೂವರು, ಸ್ಯಾಮುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಮೊಗ್ಲಿಂಗ್ 1836ರ ಕೊನೆಯಲ್ಲಿ ಅವರನ್ನು ಕೂಡಿಕೊಂಡರು. ಮುಂದಿನ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ ಮತ್ತು ಗದಗಿನ ಬಳಿಯ ಬೆಟಗೇರಿಗಳಲ್ಲಿಯೂ ಬಾಸೆಲ್ ಮಿಶನ್ನಿನ ಕೇಂದ್ರಗಳು ತೆರೆದವು. ಮೊಗ್ಲಿಂಗ್ ಕೆಲಕಾಲ ಧಾರವಾಡ ಭಾಗದಲ್ಲಿಯೂ ಇದ್ದು ಕನ್ನಡವನ್ನು ಚೆನ್ನಾಗಿ ಕಲಿತರು.

ಕರಾವಳಿಯ ಸಮಾಜವು ಆಗ ಜಾತಿಯ ಕಟ್ಟಳೆಗಳಿಂದ ಬಿಗಿಯಾಗಿ ಬಂಧಿತವಾಗಿತ್ತು. ಯಾರು ಯಾವ ದಾರಿಯಲ್ಲಿ ನಡೆಯಬೇಕು, ಯಾರು ಯಾರ ಮನೆಯಲ್ಲಿ ನೀರು ಕುಡಿಯಬಹುದು, ಯಾರ ಮಕ್ಕಳು ಅಕ್ಷರ ಕಲಿಯಬಹುದು ಎಂಬುದೆಲ್ಲ ಹುಟ್ಟಿನೊಡನೆಯೇ ತೀರ್ಮಾನವಾಗುತ್ತಿತ್ತು. ದಕ್ಷಿಣ ಭಾರತದ ಕೆಲವು ಮಿಶನ್ ಸಂಸ್ಥೆಗಳು ತಮ್ಮ ಸಭೆಗಳೊಳಗೆ ಜಾತಿಯ ಆಚರಣೆಗಳನ್ನು ಒಂದು ಮಟ್ಟಿಗೆ ಸಹಿಸಿಕೊಂಡಿದ್ದವು. ಬಾಸೆಲ್ ಮಿಶನ್ ಹಾಗೆ ಮಾಡಲಿಲ್ಲ. ಸಭೆಗೆ ಸೇರಿದವರು ಜಾತಿಯನ್ನು ಬಿಡಬೇಕು, ಒಂದೇ ಪಂಕ್ತಿಯಲ್ಲಿ ಕೂಡಬೇಕು ಎಂಬುದು ಅದರ ನಿಯಮವಾಗಿತ್ತು.

ಶಾಲೆ ಮತ್ತು ವಿದ್ಯಾರ್ಥಿನಿಲಯ

ಬಾಸೆಲ್ ಮಿಶನ್ 1836ರಲ್ಲಿ ಮಂಗಳೂರಿನಲ್ಲಿ ಕನ್ನಡ ಶಾಲೆಯನ್ನೂ 1838ರಲ್ಲಿ ಇಂಗ್ಲಿಷ್ ಶಾಲೆಯನ್ನೂ ಆರಂಭಿಸಿತು. ಮೊಗ್ಲಿಂಗರಿಗೆ ಪ್ರಿಯವಾದ ಕೆಲಸವೆಂದರೆ ವಿದ್ಯಾರ್ಥಿನಿಲಯದ ಮೇಲ್ವಿಚಾರಣೆ. ಬೇರೆ ಬೇರೆ ಜಾತಿಗಳಿಂದ ಬಂದ ಹುಡುಗರು ಅಲ್ಲಿ ಒಟ್ಟಿಗೆ ವಾಸಿಸುತ್ತಿದ್ದರು. ಮೊಗ್ಲಿಂಗ್ ಪ್ರತ್ಯೇಕ ಬಂಗಲೆಯಲ್ಲಿ ಉಳಿಯದೆ ಹುಡುಗರ ಜೊತೆಯಲ್ಲಿಯೇ ನೆಲೆಸಿ, ಅವರು ಉಣ್ಣುವುದನ್ನೇ ಉಂಡರು. ಯುರೋಪಿನವರು ಸೇವಕರ ಪರಿವಾರವನ್ನಿಟ್ಟುಕೊಂಡು ಬಾಳುತ್ತಿದ್ದ ಆ ಕಾಲದಲ್ಲಿ ಇದು ಅಪರೂಪದ ನಡೆ. ಹುಡುಗರಿಗೆ ಸಮಾನತೆಯ ಮೊದಲ ಪಾಠ ದೊರೆತದ್ದು ಪುಸ್ತಕದಿಂದಲ್ಲ, ಊಟದ ಪಂಕ್ತಿಯಿಂದ ಎನ್ನಬಹುದು.

ಬಲ್ಮಠದಲ್ಲಿ 1847ರಲ್ಲಿ ಸ್ಥಳೀಯ ಉಪದೇಶಕರ ಮತ್ತು ಶಿಕ್ಷಕರ ತರಬೇತಿಗಾಗಿ ಸೆಮಿನರಿಯೊಂದು ಆರಂಭವಾಯಿತು. ಅದನ್ನು ಕಟ್ಟಿದವರಲ್ಲಿ ಮೊಗ್ಲಿಂಗ್ ಪ್ರಮುಖರು. ಈ ನಾಡಿನ ಸಭೆಯನ್ನು ಈ ನಾಡಿನವರೇ ನಡೆಸಬೇಕು, ಪಾಠಗಳು ಕನ್ನಡದಲ್ಲಿಯೇ ನಡೆಯಬೇಕು ಎಂಬುದು ಅವರ ನಿಲುವಾಗಿತ್ತು. ಇಂದಿನ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಇದೇ ಬಲ್ಮಠದಲ್ಲಿ ಆ ಪರಂಪರೆಯನ್ನು ಮುಂದುವರಿಸಿದೆ.

ಮಂಗಳೂರ ಸಮಾಚಾರ

ಬಾಸೆಲ್ ಮಿಶನ್ 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿತು. ಅಲ್ಲಿಂದ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ಹೊರಬಂತು. ನಾಲ್ಕು ಪುಟಗಳ ಈ ಪಾಕ್ಷಿಕದ ಬೆಲೆ ಒಂದು ದುಡ್ಡು. ಊರಿನ ವರ್ತಮಾನ, ಸರಕಾರದ ನಿರೂಪಗಳು, ಹೊರನಾಡುಗಳ ಸುದ್ದಿ, ಕಥೆ, ಗಾದೆ, ದಾಸರ ಪದ ಮುಂತಾದವು ಅದರಲ್ಲಿ ಇರುತ್ತಿದ್ದವು.

ಈ ಪತ್ರಿಕೆಯ ಸಾಮಾಜಿಕ ಮಹತ್ವವನ್ನು ಅಂದಿನ ಪರಿಸ್ಥಿತಿಯ ಹಿನ್ನೆಲೆಯಲ್ಲಿ ನೋಡಬೇಕು. ಸರಕಾರದ ಆಜ್ಞೆಗಳು ಕಚೇರಿಯ ನೌಕರರ ಮೂಲಕವೇ ಜನರಿಗೆ ತಿಳಿಯಬೇಕಾಗಿತ್ತು. ತೆರಿಗೆಯೆಷ್ಟು, ಹೊಸ ಕಾನೂನು ಏನು ಹೇಳುತ್ತದೆ, ಯಾರಲ್ಲಿ ದೂರು ಕೊಡಬೇಕು ಎಂಬುದನ್ನು ತಿಳಿಯದ ರೈತನು ಮಧ್ಯವರ್ತಿಗಳ ಮಾತನ್ನೇ ನಂಬಬೇಕಿತ್ತು. ಗಾಳಿಸುದ್ದಿಗಳು ಊರನ್ನೇ ಕಲಕುತ್ತಿದ್ದವು. ಇಂಥ ಸ್ಥಿತಿಯಲ್ಲಿ ಒಂದು ದುಡ್ಡಿಗೆ ಸಿಗುವ, ಆಡುಮಾತಿಗೆ ಹತ್ತಿರವಾದ ಕನ್ನಡದಲ್ಲಿ ಅಚ್ಚಾದ ಹಾಳೆಯು ತಿಳಿವಳಿಕೆಯನ್ನು ಕೆಲವರ ಸ್ವತ್ತಾಗಿ ಉಳಿಯಲು ಬಿಡಲಿಲ್ಲ. ಒಬ್ಬನು ಓದಿದರೆ ಹತ್ತು ಮಂದಿ ಕೇಳಬಹುದಾಗಿತ್ತು.

ಪತ್ರಿಕೆಯು ಬೇಗನೆ ಮಂಗಳೂರಿನ ಗಡಿಯನ್ನು ದಾಟಿತು. ಇತರ ಪ್ರದೇಶಗಳಲ್ಲಿಯೂ ಓದುಗರು ದೊರೆತದ್ದರಿಂದ 1844ರಲ್ಲಿ ಅದರ ಮುದ್ರಣವನ್ನು ಬಳ್ಳಾರಿಗೆ ಸಾಗಿಸಿ, ಹೆಸರನ್ನು ‘ಕನ್ನಡ ಸಮಾಚಾರ’ ಎಂದು ಬದಲಾಯಿಸಲಾಯಿತು. ಪತ್ರಿಕೆ ದೀರ್ಘಕಾಲ ಬಾಳಲಿಲ್ಲ. ಆದರೆ ಕನ್ನಡದಲ್ಲಿ ಸುದ್ದಿ ಬರೆಯುವ ಮಾದರಿಯೊಂದನ್ನು ಅದು ಹಾಕಿಕೊಟ್ಟಿತು. ಮೊಗ್ಲಿಂಗರ ಸ್ನೇಹಿತ ಗುಂಡರ್ಟ್ 1847ರಲ್ಲಿ ತಲಶೇರಿಯಲ್ಲಿ ಮಲಯಾಳಂನ ‘ರಾಜ್ಯಸಮಾಚಾರಂ’ ಪತ್ರಿಕೆಯನ್ನು ಆರಂಭಿಸಿದರು.

ಆನಂದರಾವ್ ಕೌಂಡಿನ್ಯರ ಮತಾಂತರ

ಮೊಗ್ಲಿಂಗರ ಜೀವನದಲ್ಲಿ ಬಹುದೊಡ್ಡ ಕೋಲಾಹಲವನ್ನು ಉಂಟುಮಾಡಿದ ಘಟನೆ 1844ರ ಜನವರಿಯಲ್ಲಿ ನಡೆಯಿತು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬದ ತರುಣ ಆನಂದರಾವ್ ಕೌಂಡಿನ್ಯ ಮತ್ತು ಇನ್ನಿಬ್ಬರು ಯುವಕರು ಕ್ರೈಸ್ತ ಮತವನ್ನು ಸ್ವೀಕರಿಸಿದರು. ಪಟ್ಟಣವು ಉದ್ವಿಗ್ನಗೊಂಡಿತು. ಶಾಲೆಯ ಮಕ್ಕಳನ್ನು ಅನೇಕ ಪೋಷಕರು ಹಿಂದಕ್ಕೆ ಕರೆಸಿಕೊಂಡರು. ಕೌಂಡಿನ್ಯರಿಗೆ ಮನೆ, ಬಂಧುಬಳಗ ಮತ್ತು ಪತ್ನಿ ದೂರವಾದರು.

ಈ ಘಟನೆಯ ಎರಡು ಮುಖಗಳನ್ನೂ ಗಮನಿಸಬೇಕಾಗುತ್ತದೆ. ಒಂದು ಕಡೆ ವ್ಯಕ್ತಿಯೊಬ್ಬನು ತನ್ನ ಅಂತಃಸಾಕ್ಷಿಯಂತೆ ನಡೆಯುವ ಹಕ್ಕಿನ ಪ್ರಶ್ನೆ ಇತ್ತು. ಇನ್ನೊಂದು ಕಡೆ ಒಂದು ಕುಟುಂಬದ ಒಡಕು, ತಾನು ಮಾಡದ ಆಯ್ಕೆಯ ಫಲವನ್ನು ಉಣ್ಣಬೇಕಾದ ಪತ್ನಿಯ ನೋವು ಇತ್ತು. ಆಗಿನ ರೂಢಿಯಂತೆ ಮತ ಬಿಟ್ಟವರು ಪಿತ್ರಾರ್ಜಿತ ಆಸ್ತಿಯ ಹಕ್ಕನ್ನೂ ಕಳೆದುಕೊಳ್ಳುತ್ತಿದ್ದರು. ಮತ ಅಥವಾ ಜಾತಿ ಬಿಟ್ಟ ಕಾರಣಕ್ಕೆ ಆಸ್ತಿಯ ಹಕ್ಕು ತಪ್ಪಬಾರದೆಂಬ ಕಾನೂನು 1850ರಲ್ಲಿ ಜಾರಿಗೆ ಬಂತು.

ಮೊಗ್ಲಿಂಗ್ 1846ರಲ್ಲಿ ಸ್ವದೇಶಕ್ಕೆ ಹೋದಾಗ ಕೌಂಡಿನ್ಯರನ್ನೂ ಕರೆದೊಯ್ದರು. ಅವರು ಬಾಸೆಲ್‌ನ ಸೆಮಿನರಿಯಲ್ಲಿ ಯುರೋಪಿನ ವಿದ್ಯಾರ್ಥಿಗಳ ಸರಿಸಮವಾಗಿ ಓದಿ, 1851ರಲ್ಲಿ ದೀಕ್ಷೆ ಪಡೆದು ಭಾರತಕ್ಕೆ ಮರಳಿದರು. ಬಾಸೆಲ್ ಮಿಶನ್ನಿನ ಮೊದಲ ಭಾರತೀಯ ಮಿಶನರಿ ಎಂಬ ಹೆಸರು ಅವರಿಗಿದೆ. ಶಿಷ್ಯನನ್ನು ಸಹೋದ್ಯೋಗಿಯ ಸ್ಥಾನಕ್ಕೆ ಏರಿಸುವ ಮೊಗ್ಲಿಂಗರ ಆಶಯ ಇಲ್ಲಿ ಕೈಗೂಡಿತು.

ಜೀವನೋಪಾಯದ ಪ್ರಶ್ನೆ

ಕೌಂಡಿನ್ಯರಂತಹ ಸುಶಿಕ್ಷಿತರಿಗೆ ಶಾಲೆ ಮತ್ತು ಸಭೆಗಳಲ್ಲಿ ಕೆಲಸ ದೊರೆಯಿತು. ಆದರೆ ಬಡವರ ಪಾಡು ಬೇರೆಯೇ ಆಗಿತ್ತು. ಜಾತಿಯನ್ನು ಬಿಟ್ಟವನು ಅದರೊಡನೆ ಕಸುಬನ್ನೂ ಗೇಣಿಯ ಭೂಮಿಯನ್ನೂ ಕಳೆದುಕೊಳ್ಳುತ್ತಿದ್ದನು. ಒಡೆಯನು ಗುಡಿಸಲನ್ನು ಬಿಡಿಸಿದರೆ ತಲೆಯ ಮೇಲೆ ಸೂರಿಲ್ಲ. ಹೀಗಾಗಿ ಸಮಾನತೆಯನ್ನು ಬೋಧಿಸಿದವರು ಅನ್ನದ ದಾರಿಯನ್ನೂ ತೋರಿಸಬೇಕಾಯಿತು.

ಬಾಸೆಲ್ ಮಿಶನ್ ಈ ಪ್ರಶ್ನೆಗೆ ಹಲವು ಬಗೆಯ ಉತ್ತರಗಳನ್ನು ಹುಡುಕಿತು. ಗದಗಿನ ಬಳಿಯ ಮಲಸಮುದ್ರದಲ್ಲಿ 1840ರ ದಶಕದಲ್ಲಿ ಒಂದು ಕೃಷಿ ನೆಲೆಯನ್ನು ಕಟ್ಟುವ ಪ್ರಯತ್ನ ನಡೆಯಿತು. ಅದು ಉದ್ದೇಶಿಸಿದಂತೆ ಫಲಿಸಲಿಲ್ಲ. ಮಂಗಳೂರಿನಲ್ಲಿ ನೇಯ್ಗೆಯ ಕೆಲಸ ಆರಂಭವಾಯಿತು. 1851ರಲ್ಲಿ ಬಂದ ಜಾನ್ ಹಾಲರ್ ಸುಧಾರಿತ ಮಗ್ಗಗಳನ್ನು ಅಳವಡಿಸಿದರು. ಖಾಕಿ ಬಣ್ಣವನ್ನು ತಯಾರಿಸಿದ ಕೀರ್ತಿಯೂ ಅವರಿಗೆ ಸಲ್ಲುತ್ತದೆ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಮಂಗಳೂರು ಹೆಂಚು ಮುಂದೆ ದೇಶವಿದೇಶಗಳಲ್ಲಿ ಹೆಸರಾಯಿತು. ಹಲವು ಜಾತಿಗಳಿಂದ ಬಂದವರು ಒಂದೇ ಸೂರಿನಡಿ ಕೂಲಿಗೆ ದುಡಿದ ಆರಂಭದ ಕೈಗಾರಿಕೆಗಳಲ್ಲಿ ಇವು ಸೇರುತ್ತವೆ. ಮೊಗ್ಲಿಂಗರು ಸ್ವತಃ ಕೈಗಾರಿಕೆಗಳನ್ನು ನಡೆಸಿದವರಲ್ಲ. ಅವರು ಇದೇ ಪ್ರಶ್ನೆಯನ್ನು ಮುಂದೆ ಕೊಡಗಿನಲ್ಲಿ ಭೂಮಿಯ ಮೂಲಕ ಎದುರಿಸಿದರು.

ಕನ್ನಡ ಕಾವ್ಯಗಳ ಪ್ರಕಟಣೆ

ಮಂಗಳೂರಿಗೆ ಮರಳಿದ ಮೊಗ್ಲಿಂಗ್ 1848ರಿಂದ 1853ರವರೆಗೆ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆಯನ್ನು ಪ್ರಕಟಿಸಿದರು. ಲಕ್ಷ್ಮೀಶನ ಜೈಮಿನಿ ಭಾರತ, ಕುಮಾರವ್ಯಾಸ ಭಾರತದ ಭಾಗಗಳು, ದಾಸರ ಪದಗಳು, ಬಸವಪುರಾಣ, ಚೆನ್ನಬಸವಪುರಾಣ ಮೊದಲಾದವು ಈ ಮಾಲೆಯಲ್ಲಿ ಅಚ್ಚಾದವು. ಮದರಾಸು ಸರಕಾರದ ನ್ಯಾಯಾಧೀಶರಾಗಿ ನಿವೃತ್ತರಾಗಿ ನೀಲಗಿರಿಯಲ್ಲಿ ನೆಲೆಸಿದ್ದ ಕಾಸಾಮೇಜರ್ ಇದಕ್ಕೆ ಧನಸಹಾಯ ನೀಡಿದರು. ಕನ್ನಡ ಗಾದೆಗಳ ಸಂಗ್ರಹವನ್ನೂ ಮೊಗ್ಲಿಂಗ್ ಹೊರತಂದರು.

ಕ್ರೈಸ್ತ ಪ್ರಚಾರಕರೊಬ್ಬರು ವೈಷ್ಣವ ಮತ್ತು ವೀರಶೈವ ಕೃತಿಗಳನ್ನು ಅಚ್ಚು ಹಾಕಿಸಿದ್ದು ಮೇಲ್ನೋಟಕ್ಕೆ ವಿಚಿತ್ರವಾಗಿ ಕಾಣಬಹುದು. ಜನರ ಮನಸ್ಸನ್ನು ಅರಿಯಲು ಜನರ ಗ್ರಂಥಗಳನ್ನು ಓದಬೇಕು ಎಂಬುದು ಮಿಶನರಿಗಳ ಉದ್ದೇಶವಾಗಿತ್ತು. ಆದರೆ ಫಲಿತಾಂಶವು ಉದ್ದೇಶವನ್ನು ಮೀರಿ ಬೆಳೆಯಿತು. ಮಠ, ಅರಮನೆ ಮತ್ತು ಕೆಲವು ಮನೆಗಳ ತಾಳೆಗರಿಗಳಲ್ಲಿ ಉಳಿದಿದ್ದ ಕಾವ್ಯಗಳು ಮುದ್ರಿತ ಪುಸ್ತಕಗಳಾಗಿ ಶಾಲೆಗಳಿಗೂ ಸಾಮಾನ್ಯ ಓದುಗರಿಗೂ ಸಿಗುವ ಕಾಲಕ್ಕೆ ನಾಂದಿಯಾಯಿತು. ಈ ಸೇವೆಗಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು 1858ರಲ್ಲಿ ಮೊಗ್ಲಿಂಗರಿಗೆ ಗೌರವ ಡಾಕ್ಟರೇಟ್ ನೀಡಿತು. ಕನ್ನಡದ ಕೆಲಸಕ್ಕಾಗಿ ದೊರೆತ ಮೊದಲ ಡಾಕ್ಟರೇಟ್ ಪದವಿ ಇದೆಂದು ಪರಿಗಣಿಸಲಾಗಿದೆ.

ಕೊಡಗಿನಲ್ಲಿ

ಆರೋಗ್ಯ ಕೆಟ್ಟು ಸ್ವದೇಶಕ್ಕೆ ಹೊರಡಬೇಕೆಂದಿದ್ದ ಸಮಯದಲ್ಲಿ ಮೊಗ್ಲಿಂಗರಿಗೆ ಕೊಡಗಿನ ಕರೆ ಬಂತು. ಕೊಡವರ ಆಲ್ಮಂಡ ಮನೆತನಕ್ಕೆ ಸೇರಿದ ಒಬ್ಬರು ಕ್ರೈಸ್ತ ಮತವನ್ನು ಸ್ವೀಕರಿಸಿ ಸ್ತೆಫಾನ ಎಂಬ ಹೆಸರು ಪಡೆದಿದ್ದರು. ಅವರು ತಮ್ಮ ನಾಡಿಗೆ ಮರಳಿ ಬಾಳಲು ಮೊಗ್ಲಿಂಗರ ನೆರವನ್ನು ಬಯಸಿದರು. ಮೊಗ್ಲಿಂಗ್ ಪ್ರಯಾಣವನ್ನು ಕೈಬಿಟ್ಟು 1853ರಲ್ಲಿ ತಮ್ಮ ಸ್ವಂತ ಹೊಣೆಯ ಮೇಲೆ ಕೊಡಗಿಗೆ ಹೋದರು.

ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಬ್ರಿಟಿಷರು 1834ರಲ್ಲಿಯೇ ಕೊಡಗನ್ನು ವಶಪಡಿಸಿಕೊಂಡಿದ್ದರು. ಮೊಗ್ಲಿಂಗ್ ಕೊಡಗಿನ ಚರಿತ್ರೆ ಮತ್ತು ಜನಜೀವನವನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಗ್ರಂಥ 1855ರಲ್ಲಿ ಬೆಂಗಳೂರಿನಲ್ಲಿ ಪ್ರಕಟವಾಯಿತು. ದೊಡ್ಡವೀರರಾಜೇಂದ್ರನ ಕಾಲದ ಇತಿಹಾಸವನ್ನು ತಿಳಿಸುವ ‘ರಾಜೇಂದ್ರನಾಮೆ’ ಎಂಬ ಕನ್ನಡ ಕೃತಿಯನ್ನು 1857ರಲ್ಲಿ ಅವರು ಮಂಗಳೂರಿನಲ್ಲಿ ಮುದ್ರಿಸಿದರು.

ಕೊಡಗಿನ ಗದ್ದೆಗಳಲ್ಲಿ ದುಡಿಯುತ್ತಿದ್ದವರಲ್ಲಿ ಅನೇಕರು ಜೀತದಾಳುಗಳು. ಆಗಿನ ದಾಖಲೆಗಳಲ್ಲಿ ಹೊಲೆಯರೆಂದು ನಮೂದಾದ ಸಮುದಾಯವು ಇವರಲ್ಲಿ ಮುಖ್ಯವಾದುದು. ಆಳುಗಳಲ್ಲಿ ಎರಡು ಬಗೆಯಿದ್ದವು. ಭೂಮಿ ಜಮ್ಮದ ಆಳುಗಳು ಜಮೀನಿಗೆ ಸೇರಿದವರು. ಭೂಮಿ ಕೈ ಬದಲಾದರೆ ಅದರೊಡನೆ ಅವರೂ ಹೊಸ ಒಡೆಯನ ಪಾಲಾಗುತ್ತಿದ್ದರು. ಒಕ್ಕಲು ಜಮ್ಮದ ಆಳುಗಳು ಮನೆತನದ ಸೊತ್ತೆಂದು ಎಣಿಸಲ್ಪಟ್ಟವರು. ಅವರನ್ನು ಮಾರಲೂ ಅಡವಿಡಲೂ ಒಡೆಯನಿಗೆ ಅವಕಾಶವಿತ್ತು. ದುಡಿಮೆಗೆ ಪ್ರತಿಯಾಗಿ ಅವರಿಗೆ ಸಿಗುತ್ತಿದ್ದದ್ದು ಅಳೆದು ಕೊಟ್ಟ ಧಾನ್ಯ ಮತ್ತು ಉಡಲು ಬಟ್ಟೆ.

ಈಸ್ಟ್ ಇಂಡಿಯಾ ಕಂಪನಿಯ ಸರಕಾರವು 1843ರಲ್ಲಿ ಗುಲಾಮಗಿರಿಗೆ ಸಂಬಂಧಿಸಿದ ಕಾನೂನನ್ನು ಜಾರಿಗೊಳಿಸಿತ್ತು. ಆಳನ್ನು ತನ್ನ ಆಸ್ತಿಯೆಂದು ಯಾರೂ ನ್ಯಾಯಾಲಯದಲ್ಲಿ ಸಾಧಿಸುವಂತಿಲ್ಲ ಎಂಬುದು ಅದರ ಸಾರ. ಆದರೆ ಕಾಗದದ ಮೇಲಿನ ಬಿಡುಗಡೆಯು ಗದ್ದೆಯ ಬದುವಿನವರೆಗೆ ತಲುಪಿರಲಿಲ್ಲ. ಓದು ಬಾರದವನಿಗೆ ಕಾನೂನಿನ ಸುದ್ದಿಯೇ ತಿಳಿಯದು. ತಿಳಿದರೂ ಒಡೆಯನನ್ನು ಬಿಟ್ಟು ಹೋಗಲು ಬೇರೆ ನೆಲವಿಲ್ಲ, ಬಿತ್ತಲು ಬೀಜವಿಲ್ಲ, ಮಳೆಗಾಲವನ್ನು ಕಳೆಯಲು ಕೂಡಿಟ್ಟ ಕಾಳಿಲ್ಲ.

ಆನಂದಪುರ

ಈ ಪರಿಸ್ಥಿತಿಯಲ್ಲಿ ಜೀತದಾಳುಗಳ ಕೆಲವು ಕುಟುಂಬಗಳು ಮಿಶನ್ನಿನ ಕಡೆಗೆ ತಿರುಗಿದವು. ಕೊಡಗಿನಲ್ಲಿ ಮೊಗ್ಲಿಂಗ್ ಮೊದಲು ಬಯಸಿದ್ದು ಮೇಲುಸ್ತರದ ಕೊಡವ ಮನೆತನಗಳ ನಡುವೆ ಕೆಲಸ ಮಾಡಬೇಕೆಂದು. ಆದರೆ ಅವರ ಬಳಿಗೆ ಹೆಚ್ಚಾಗಿ ಬಂದವರು ಆ ಮನೆತನಗಳ ಆಳುಗಳು. ಅವರನ್ನು ಸೇರಿಸಿಕೊಂಡರೆ ಒಡೆಯರ ಅಸಮಾಧಾನ ನಿಶ್ಚಿತ, ತಮ್ಮ ಮೊದಲ ಯೋಜನೆ ಕೆಡುವುದೂ ನಿಶ್ಚಿತ. ಆದರೂ ಅವರು ಬಾಗಿಲು ಮುಚ್ಚಲಿಲ್ಲ.

1850ರ ದಶಕದ ಉತ್ತರಾರ್ಧದಲ್ಲಿ ಅಮ್ಮತ್ತಿ–ಸಿದ್ದಾಪುರದ ಭಾಗದಲ್ಲಿ ಕಾಡನ್ನು ಸವರಿ ಆನಂದಪುರ ಎಂಬ ಹೊಸ ಊರನ್ನು ಕಟ್ಟಲಾಯಿತು. ಹಳೆಯ ಒಡೆಯರ ಹಂಗಿಲ್ಲದೆ ಮನೆ ಕಟ್ಟಿಕೊಳ್ಳಲು ಮತ್ತು ಸಾಗುವಳಿ ಮಾಡಲು ಅಲ್ಲಿ ಕುಟುಂಬಗಳಿಗೆ ನೆಲೆ ದೊರೆಯಿತು. ಆನಂದರಾವ್ ಕೌಂಡಿನ್ಯರು ಕೊಡಗಿನ ಈ ಕೆಲಸದಲ್ಲಿ ಪಾಲ್ಗೊಂಡರು. ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದವರೊಬ್ಬರು ಅಸ್ಪೃಶ್ಯರೆನಿಸಿಕೊಂಡವರ ಊರಿನಲ್ಲಿ ದುಡಿದದ್ದು ಆ ಕಾಲಕ್ಕೆ ಊಹೆಗೂ ಮೀರಿದ ಸಂಗತಿ.

ಇದೇ ಅವಧಿಯಲ್ಲಿ ಕೊಡಗಿನ ಆರ್ಥಿಕ ಸ್ಥಿತಿಯೂ ಬದಲಾಗುತ್ತಿತ್ತು. ಜಾನ್ ಫೌಲರ್ ಎಂಬವರು 1854ರಲ್ಲಿ ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ಕಾಫಿ ತೋಟವನ್ನು ಮಾಡಿದರು. ತೋಟಗಳು ಹೆಚ್ಚಿದಂತೆ ಹಣದ ರೂಪದ ಕೂಲಿ ಬಳಕೆಗೆ ಬಂತು. ಒಡೆಯನ ಮನೆಯ ಧಾನ್ಯವನ್ನೇ ನಂಬಿದ್ದ ಆಳಿಗೆ ಇನ್ನೊಂದು ಆಯ್ಕೆ ದೊರೆಯಿತು. ತೋಟದ ದುಡಿಮೆಯೂ ಸುಖದ್ದಾಗಿರಲಿಲ್ಲ. ಆದರೂ ಹುಟ್ಟಿನ ಜೀತಕ್ಕೂ ಕೂಲಿಗೂ ನಡುವೆ ದೊಡ್ಡ ಅಂತರವಿತ್ತು. ಕೂಲಿಯಾಳು ಬೇಡವೆನಿಸಿದರೆ ಬೇರೆ ಕಡೆ ಕೆಲಸ ಹುಡುಕಬಹುದಾಗಿತ್ತು.

ಆನಂದಪುರ ಒಂದು ಸಣ್ಣ ಊರು. ಕೊಡಗಿನ ಜೀತ ಪದ್ಧತಿಯನ್ನು ಅದೊಂದೇ ಕೊನೆಗಾಣಿಸಲಿಲ್ಲ. ಆದರೆ ಬಿಡುಗಡೆಗೆ ಕಾನೂನಿನ ಜೊತೆಗೆ ಕಾಲೂರಲು ನೆಲವೂ ಬೇಕು ಎಂಬ ಮಾತನ್ನು ಅದು ಕಣ್ಣಿಗೆ ಕಾಣುವಂತೆ ತೋರಿಸಿತು.

ಕೌಟುಂಬಿಕ ಜೀವನ ಮತ್ತು ಕೊನೆಯ ದಿನಗಳು

ಮೊಗ್ಲಿಂಗರ ಬಂಧುವೂ ಸಹೋದ್ಯೋಗಿಯೂ ಆಗಿದ್ದ ಗಾಟ್‌ಫ್ರೀಡ್ ವೈಗ್ಲೆ ಕನ್ನಡ ಬೈಬಲ್ ಪರಿಷ್ಕರಣೆಯಲ್ಲಿ ದುಡಿದವರು. ಅವರು 1855ರಲ್ಲಿ ನಿಧನರಾದರು. ಮೊಗ್ಲಿಂಗ್ ಅವರ ವಿಧವೆ ಪೌಲಿನಾರನ್ನು ವಿವಾಹವಾಗಿ ಅವರ ನಾಲ್ವರು ಮಕ್ಕಳಿಗೂ ತಂದೆಯ ಸ್ಥಾನದಲ್ಲಿ ನಿಂತರು. ಪತ್ನಿಯ ಅನಾರೋಗ್ಯದ ಕಾರಣ 1860ರಲ್ಲಿ ಕೊಡಗನ್ನು ಬಿಟ್ಟು ಜರ್ಮನಿಗೆ ಮರಳಬೇಕಾಯಿತು. ಮತ್ತೆ ಭಾರತವನ್ನು ನೋಡುವ ಯೋಗ ಅವರಿಗೆ ಒದಗಲಿಲ್ಲ. ಕೊಡಗಿನ ಕೆಲಸವನ್ನು ಜಾರ್ಜ್ ರಿಕ್ಟರ್ ಮೊದಲಾದವರು ಮುಂದುವರಿಸಿದರು. ರಿಕ್ಟರ್ 1870ರಲ್ಲಿ ಕೊಡಗಿನ ಕೈಪಿಡಿಯನ್ನು ರಚಿಸಿದರು.

ಸ್ವದೇಶದಲ್ಲಿಯೂ ಮೊಗ್ಲಿಂಗರ ಮನಸ್ಸು ಕನ್ನಡ ನಾಡಿನಲ್ಲಿಯೇ ಇತ್ತು. ಕೊಡಗನ್ನು ಕುರಿತ ಜರ್ಮನ್ ಗ್ರಂಥವೊಂದನ್ನು ಇನ್ನೊಬ್ಬ ಲೇಖಕರೊಡನೆ ಸಿದ್ಧಪಡಿಸಿ 1866ರಲ್ಲಿ ಪ್ರಕಟಿಸಿದರು. 1853ರಲ್ಲಿ ಭಾರತಕ್ಕೆ ಬಂದಿದ್ದ ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ ಅಧ್ಯಯನಕ್ಕೆ ಮೊಗ್ಲಿಂಗರ ಪ್ರೋತ್ಸಾಹವಿತ್ತು. 70,000ಕ್ಕೂ ಹೆಚ್ಚು ಶಬ್ದಗಳಿರುವ ಕಿಟ್ಟೆಲ್ ನಿಘಂಟು 1894ರಲ್ಲಿ ಪ್ರಕಟವಾದಾಗ ಅದನ್ನು ಕಾಣಲು ಮೊಗ್ಲಿಂಗ್ ಇರಲಿಲ್ಲ. ಅವರು 1881ರ ಮೇ 10ರಂದು ಎಸ್ಲಿಂಗನ್ ಪಟ್ಟಣದಲ್ಲಿ ಕೊನೆಯುಸಿರೆಳೆದಿದ್ದರು.

ಮಿತಿಗಳು ಮತ್ತು ಮೌಲ್ಯಮಾಪನ

ಮೊಗ್ಲಿಂಗರ ಸಮಾಜಸೇವೆಯನ್ನು ಅವರ ಧರ್ಮಪ್ರಚಾರದಿಂದ ಬೇರ್ಪಡಿಸಿ ನೋಡಲಾಗದು. ಹಿಂದೂ ಆಚರಣೆಗಳನ್ನು ಅವರು ಕಟುವಾಗಿ ಟೀಕಿಸಿದರು. ಈ ನಾಡಿನ ಭಕ್ತಿಪಂಥಗಳು ಜಾತಿಯ ವಿರುದ್ಧ ಎತ್ತಿದ ದನಿಯನ್ನು, ಆ ಪಂಥಗಳ ಗ್ರಂಥಗಳನ್ನೇ ಮುದ್ರಿಸಿದರೂ, ಮಿಶನರಿಗಳು ಪೂರ್ಣವಾಗಿ ಗುರುತಿಸಿದರೆಂದು ಹೇಳುವಂತಿಲ್ಲ. ಸಮಾನತೆಯ ಬಾಗಿಲಿಗೆ ಮತಾಂತರವೇ ಹೊಸ್ತಿಲಾದದ್ದು ಈ ಕಾರ್ಯದ ದೊಡ್ಡ ಮಿತಿ. ಮಿಶನ್ನಿನ ನೆಲದಲ್ಲಿ ನೆಲೆಸಿದವರು ಹಳೆಯ ಒಡೆಯನಿಂದ ಬಿಡುಗಡೆ ಪಡೆದರೂ ಮನೆ, ಕೆಲಸ ಮತ್ತು ಶಾಲೆಗಳಿಗಾಗಿ ಮಿಶನ್ನನ್ನೇ ಅವಲಂಬಿಸಬೇಕಾಯಿತು. ಮಿಶನರಿಗಳು ವಸಾಹತು ಸರಕಾರದ ರಕ್ಷಣೆಯಲ್ಲಿ ಕೆಲಸ ಮಾಡಿದವರೆಂಬುದನ್ನೂ ಮರೆಯುವಂತಿಲ್ಲ.

ಇಷ್ಟಾದರೂ ಮೊಗ್ಲಿಂಗರ ಬದುಕಿನಲ್ಲಿ ಒಂದು ಬೆಳವಣಿಗೆ ಸ್ಪಷ್ಟವಾಗಿ ತೋರುತ್ತದೆ. ಮಂಗಳೂರಿನಲ್ಲಿ ಅವರು ಅಕ್ಷರವನ್ನು ಹಂಚಿದರು, ಪತ್ರಿಕೆಯ ಮೂಲಕ ಸುದ್ದಿಯನ್ನು ಹಂಚಿದರು, ಕೊಡಗಿನಲ್ಲಿ ನೆಲವನ್ನು ಹಂಚುವ ಕೆಲಸಕ್ಕೆ ಕೈಹಾಕಿದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ ಬ್ರಹ್ಮಸಮಾಜದ ಪ್ರೇರಣೆಯಿಂದ 19ನೆಯ ಶತಮಾನದ ಕೊನೆಯಲ್ಲಿ ದಲಿತರಿಗಾಗಿ ಶಾಲೆ, ಕಸುಬು ಮತ್ತು ಮನೆ ನಿವೇಶನಗಳ ವ್ಯವಸ್ಥೆಗೆ ಮುಂದಾದರು. ನಂಬಿಕೆಗಳು ಬೇರೆಯಾಗಿದ್ದರೂ ವಿದ್ಯೆ, ವೃತ್ತಿ ಮತ್ತು ನೆಲೆ ಒಟ್ಟಿಗೆ ದೊರೆಯಬೇಕೆಂಬ ಅರಿವಿಗೆ ಇಬ್ಬರೂ ತಲುಪಿದ್ದರು.

ನೆನಪು

ಮಂಗಳೂರ ಸಮಾಚಾರದ ಮೊದಲ ಸಂಚಿಕೆ ಹೊರಬಂದ ಜುಲೈ 1ನ್ನು ಕರ್ನಾಟಕದಲ್ಲಿ ಪ್ರತಿವರ್ಷ ಪತ್ರಿಕಾ ದಿನವಾಗಿ ಆಚರಿಸಲಾಗುತ್ತದೆ. ಮಂಗಳೂರಿನ ಬಲ್ಮಠದಲ್ಲಿ ಜರ್ಮನ್ ಭಾಷೆಯನ್ನು ಕಲಿಸುವ ಸಂಸ್ಥೆಯೊಂದು ಮೊಗ್ಲಿಂಗರ ಹೆಸರನ್ನು ಹೊತ್ತಿದೆ. ಬಾಸೆಲ್ ಮಿಶನ್ನಿನ ಕಾಲದ ಅಪರೂಪದ ಕನ್ನಡ ಪುಸ್ತಕಗಳು ಅಲ್ಲಿನ ಥಿಯೊಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ ಸಂಶೋಧಕರಿಗೆ ಲಭ್ಯವಿವೆ. ಹೊಸಗನ್ನಡ ಸಾಹಿತ್ಯದ ಉದಯಕಾಲವನ್ನು ಅಧ್ಯಯನ ಮಾಡಿದ ಶ್ರೀನಿವಾಸ ಹಾವನೂರ ಅವರು ಮಿಶನರಿಗಳ ಕೊಡುಗೆಯನ್ನು ವಿಸ್ತಾರವಾಗಿ ಪರಿಶೀಲಿಸಿದ್ದಾರೆ. ಕೊಡಗಿನ ಆನಂದಪುರ ಇಂದಿಗೂ ಅದೇ ಹೆಸರಿನಿಂದ ಉಳಿದಿದೆ.